ನೀರು ತಿಳಿಯಾದರೆ ಸಾಲದು



ಇವತ್ತು ಪಾಠ ಬೇಡ. ಸ್ವಲ್ಪ ಮಾತಾಡೋಣ.

ನಮ್ಮ ಶಾಲೆಯ ಬೀರುವಿನ ಪಕ್ಕ ಒಂದು ಗಾಜಿನ ತೊಟ್ಟಿ ಇದೆ. ರಾತ್ರಿ ಕಲಿಯಲು ಬರುವ ನೀವೆಲ್ಲ ಅದನ್ನು ನೋಡಿದ್ದೀರಿ. "ಟೀಚರ್, ಅದರೊಳಗೆ ಕೆಂಪಗೆ ಓಡಾಡೋ ಹುಳ ಯಾವುದು?" ಅಂತ ಕೇಳಿದಿರಿ. ಅದು ಹುಳ ಅಲ್ಲ. ಸಿಗಡಿ.

ಸಿಗಡಿ ಅಂದ ಕೂಡಲೇ ಕೆಲವರಿಗೆ ಸಾರು ನೆನಪಾಯಿತು. ನಗಬೇಡಿ! ಇದು ಸಾರಿನ ಸಿಗಡಿ ಅಲ್ಲ. ಸಾಕುವ ಸಿಗಡಿ. ಬೆಳೆದರೂ ಸುಮಾರು ಒಂದು ಅಂಗುಲ, ಅಷ್ಟೇ. ಹೆಸರು ಚೆರ್ರಿ ಸಿಗಡಿ. ಸಮುದ್ರದ್ದಲ್ಲ, ಸಿಹಿನೀರಿನದು. ಇದರ ತವರು ಚೀನಾ ಮತ್ತು ತೈವಾನ್. ಅಲ್ಲಿನ ಹಳ್ಳ, ತೊರೆಗಳಲ್ಲಿ ಇದರ ಬಣ್ಣ ಮಣ್ಣಿನ ಬಣ್ಣ. ಸಾಕುವವರು ಕೆಂಪಗಿದ್ದುದನ್ನೇ ಆರಿಸಿ ಆರಿಸಿ ಈ ತಳಿ ಬೆಳೆಸಿದರು. ನಾವು ಬಿತ್ತನೆಗೆ ಒಳ್ಳೆಯ ತೆನೆ ಆರಿಸಿ ಇಡುವುದಿಲ್ಲವೇ? ಹಾಗೆಯೇ.

ಮೊದಲ ಸಲ ನಾವು ಸೋತೆವು. ಅದನ್ನೇ ಮೊದಲು ಹೇಳುತ್ತೇವೆ.

ಪೇಟೆಯಿಂದ ತೊಟ್ಟಿ ತಂದೆವು. ಅದೇ ದಿನ ನೀರು ತುಂಬಿದೆವು. ಅದೇ ದಿನ ಹತ್ತು ಸಿಗಡಿ ಬಿಟ್ಟೆವು. ನೀರು ಕನ್ನಡಿಯ ಹಾಗಿತ್ತು. ನಾಲ್ಕನೇ ದಿನ ಐದು ಸತ್ತವು. ವಾರದೊಳಗೆ ಒಂದೂ ಉಳಿಯಲಿಲ್ಲ. ಅವತ್ತು ಮಕ್ಕಳು ಬಿಸಿಯೂಟಕ್ಕೂ ಏಳಲಿಲ್ಲ. "ನೀರು ಚೆನ್ನಾಗಿತ್ತಲ್ಲ ಟೀಚರ್?" ಅಂತ ಕೇಳಿದರು. ನಮ್ಮ ಬಳಿ ಉತ್ತರ ಇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆವು.

ನೀರು ತಿಳಿಯಾಗಿತ್ತು. ಆದರೆ ಹದವಾಗಿರಲಿಲ್ಲ.

ಸಿಗಡಿಯ ಹಿಕ್ಕೆ, ಉಳಿದ ಆಹಾರ ನೀರಿನಲ್ಲಿ ಕೊಳೆಯುತ್ತವೆ. ಅದರಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ನೀರಿನಲ್ಲಿ ಒಂದು ಬಗೆಯ ಸೂಕ್ಷ್ಮಜೀವಿ ಬೆಳೆದರೆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಬಗೆಯ ಸೂಕ್ಷ್ಮಜೀವಿ ಅದನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ಅಪಾಯ ಕಡಿಮೆ. ಇದನ್ನು ನೀರಿನ ಗಿಡಗಳು ಗೊಬ್ಬರದಂತೆ ಹೀರಿಕೊಳ್ಳುತ್ತವೆ.

ಈ ಸೂಕ್ಷ್ಮಜೀವಿಗಳು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಕೂಡಲೇ ಮೊಸರು ಆಗುತ್ತದೆಯೇ? ಕಾಯಬೇಕು. ನಾವು ಕಾಯಲಿಲ್ಲ. ಅದೇ ತಪ್ಪು.

ಎರಡನೇ ಸಲ ಹೀಗೆ ಮಾಡಿದೆವು. ನೀವೂ ಹೀಗೆ ಮಾಡಬಹುದು.

20 ಲೀಟರ್ ಹಿಡಿಯುವ ತೊಟ್ಟಿ ಸಾಕು. ನೇರ ಬಿಸಿಲು ಬೀಳದ ಜಾಗದಲ್ಲಿ ಇಡಿ. ಕೆಳಗೆ ತೊಳೆದ ಸಣ್ಣ ಜಲ್ಲಿ ಹಾಕಿ. ಪಾಚಿಯಂಥ ನೀರಿನ ಗಿಡ ಹಾಕಿ. ಬಣ್ಣದ ಮೀನಿನ ಅಂಗಡಿಯಲ್ಲಿ ಗಾಳಿ ಪಂಪು, ಸ್ಪಂಜಿನ ಫಿಲ್ಟರ್ ಸಿಗುತ್ತವೆ. ಸ್ಪಂಜು ಕೊಳೆ ಹಿಡಿಯುತ್ತದೆ, ಮರಿಗಳನ್ನು ಎಳೆದುಕೊಳ್ಳುವುದಿಲ್ಲ. ಸೂಕ್ಷ್ಮಜೀವಿಗಳಿಗೂ ಅದೇ ಮನೆ.

ನಲ್ಲಿ ನೀರನ್ನು ನೇರ ಸುರಿಯಬೇಡಿ. ಊರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಬಕೆಟ್ಟಿನಲ್ಲಿ ಒಂದು ದಿನ ಇಡಿ. ಆ ವಾಸನೆ ಹಾರಿಹೋಗುತ್ತದೆ. ಬಕೆಟ್ಟಿನ ಬಾಯಿಗೆ ತೆಳು ಬಟ್ಟೆ ಕಟ್ಟಿ. ಡೆಂಗ್ಯೂ ಹರಡುವ ಸೊಳ್ಳೆ ಶುದ್ಧ ನೀರಿನಲ್ಲೂ ಮೊಟ್ಟೆ ಇಡುತ್ತದೆ. ತೊಟ್ಟಿಗೂ ಪರದೆ ಇರಲಿ.

ನೀರು ತುಂಬಿದ ಮೇಲೆ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ನಾವು ನೀರು ತುಂಬಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ 'ನೀರು' ಎಂದು ಬರೆದೆವು. ಬರೆದದ್ದು ನಿಮ್ಮಲ್ಲೇ ಒಬ್ಬ ಅಕ್ಕ. ಆಮೇಲೆ ದಿನಕ್ಕೊಂದು ಗೀಟು. 35 ಗೀಟು ಆದವು. ನೀರಿನ ಪರೀಕ್ಷೆಯ ಕಿಟ್ ತಂದು ನೋಡಿದೆವು. ಅಮೋನಿಯಾ ಸೊನ್ನೆ. ನೈಟ್ರೈಟ್ ಸೊನ್ನೆ. ಆಗಲೇ ಹತ್ತು ಸಿಗಡಿ ತಂದೆವು. ಅವನ್ನು ತಕ್ಷಣ ಬಿಡಲಿಲ್ಲ. ಅವು ಬಂದ ನೀರಿಗೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿದೆವು. ಒಂದು ಗಂಟೆ ಆದ ಮೇಲೆ ಬಿಟ್ಟೆವು.

ಹತ್ತೂ ಉಳಿದವು.

ಇವಕ್ಕೆ ಊಟದ ಖರ್ಚು ಕಡಿಮೆ. ಗಾಜಿನ ಮೇಲಿನ ಪಾಚಿ ಮೇಯುತ್ತವೆ. ವಾರಕ್ಕೆ ಎರಡು ಸಲ ಬೇಯಿಸಿದ ಪಾಲಕ್ ಎಲೆಯ ಚೂರು ಹಾಕಿ. ಉಪ್ಪು, ಎಣ್ಣೆ ಬೇಡ. ಉಳಿದದ್ದನ್ನು ಸಂಜೆಯೇ ತೆಗೆಯಿರಿ. ವಾರಕ್ಕೊಮ್ಮೆ ಎರಡು ಮೂರು ಲೀಟರ್ ನೀರು ತೆಗೆದು, ಇಟ್ಟ ನೀರು ಹಾಕಿ. ಪೂರ್ತಿ ನೀರು ಬದಲಿಸಬೇಡಿ.

ಒಂದು ದಿನ ಮಕ್ಕಳು ಓಡಿ ಬಂದರು. "ಟೀಚರ್, ಸಿಗಡಿ ಸತ್ತಿದೆ!" ಹೋಗಿ ನೋಡಿದರೆ ಅದು ಬರೀ ಪೊರೆ. ಹಾವಿನ ಹಾಗೆ ಸಿಗಡಿಯೂ ಪೊರೆ ಬಿಡುತ್ತದೆ. ಪೊರೆ ತೆಗೆಯಬೇಡಿ. ಅದರಲ್ಲಿ ಸುಣ್ಣದ ಅಂಶ ಇದೆ. ಸಿಗಡಿಗಳೇ ಅದನ್ನು ತಿನ್ನುತ್ತವೆ.

ಇನ್ನು ಎರಡು ಎಚ್ಚರಿಕೆ. ಸೊಳ್ಳೆಗೆ ಹೊಡೆಯುವ ಔಷಧಿ ಈ ಕೋಣೆಯಲ್ಲಿ ಬೇಡ. ಅದು ಸಿಗಡಿಯನ್ನೂ ಕೊಲ್ಲುತ್ತದೆ. ಎರಡನೆಯದು ತಾಮ್ರ. ತಾಮ್ರದ ಚೆಂಬಿನ ನೀರು ಕುಡಿಯುವುದು ನಮ್ಮಲ್ಲಿ ರೂಢಿ. ಆದರೆ ಪಾತ್ರೆಯ ತಾಮ್ರ ನೀರಿಗೆ ಬಿಡುತ್ತದೆ. ಸಿಗಡಿಗೆ ಅದು ವಿಷ. ಹಾಗಾಗಿ ತೊಟ್ಟಿಯ ಮೇಲೆ ಒಂದು ಚೀಟಿ ಅಂಟಿಸಿದೆವು.

ಹೋದ ತಿಂಗಳು ನಮ್ಮ ಅಜ್ಜ ಒಬ್ಬರು ಬೇಗ ಬಂದರು. ನಾವಿನ್ನೂ ಬಂದಿರಲಿಲ್ಲ. ತೊಟ್ಟಿಯಲ್ಲಿ ನೀರು ಕಡಿಮೆ ಕಂಡಿತು. ಪಾಪ, ಮನೆಗೆ ಹೋಗಿ ತಾಮ್ರದ ಬಿಂದಿಗೆಯಲ್ಲಿ ನೀರು ತಂದರು. ಸುರಿಯಬೇಕು, ಆಗ ಚೀಟಿ ಕಂಡಿತು. ಬಿಂದಿಗೆ ಕಂಕುಳಲ್ಲೇ ಇತ್ತು. ಒಂದೊಂದೇ ಅಕ್ಷರ ಕೂಡಿಸಿದರು. ತಾ-ಮ್ರ-ದ ನೀ-ರು ಹಾ-ಕ-ಬೇ-ಡಿ. ಬಿಂದಿಗೆ ಕೆಳಗಿಟ್ಟರು. ನಾವು ಬಂದಾಗ, "ಮೇಡಮ್ಮನೋರೇ, ಚೀಟಿ ಓದಿದೆ" ಅಂದರು. ಅವರು ಮನೆಯಾಚೆ ತಾವಾಗಿಯೇ ಓದಿದ ಮೊದಲ ಸಾಲು ಅದು. ಆಗ ಎರಡು ಹೆಣ್ಣು ಸಿಗಡಿಗಳ ಹೊಟ್ಟೆಯಡಿ ಮೊಟ್ಟೆ ಇದ್ದವು. ತಾಯಿ ಮೂರು ನಾಲ್ಕು ವಾರ ಮೊಟ್ಟೆ ಹೊತ್ತು, ಕಾಲಿನಿಂದ ಗಾಳಿ ಬೀಸುತ್ತಾ ಕಾಯುತ್ತದೆ. ಈಗ ಮರಿಗಳಾಗಿವೆ. ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ.

ಮರಿ ಬೇಕಾದವರು ಮೊದಲು ತೊಟ್ಟಿ ಹದ ಮಾಡಿ, ಗೀಟು ಎಣಿಸಿ, ಆಮೇಲೆ ಬನ್ನಿ. ಹೆಚ್ಚಾದವನ್ನು ಕೆರೆಗೆ ಮಾತ್ರ ಬಿಡಬೇಡಿ. ಪರದೇಶದ ಜೀವಿ ನಮ್ಮ ಕೆರೆಯ ಜೀವಿಗಳ ಬಾಯಿಯ ತುತ್ತು ಕಿತ್ತುಕೊಳ್ಳಬಹುದು.

ಕೊನೆಗೆ ಒಂದು ಮಾತು. ನಾವು ಕುಡಿಯುವ ನೀರೂ ಹಾಗೆಯೇ. ತಿಳಿಯಾದ ನೀರಿನಲ್ಲೂ ರೋಗಾಣು ಇರಬಹುದು. ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಇರಬಹುದು. ರೋಗಾಣು ಕುದಿಸಿದರೆ ಸಾಯುತ್ತವೆ. ಫ್ಲೋರೈಡ್ ಕುದಿಸಿದರೂ ಹೋಗುವುದಿಲ್ಲ. ಹಲ್ಲು, ಮೂಳೆ ಕೆಡಿಸುತ್ತದೆ. ನಮ್ಮ ನೀರನ್ನು ಪರೀಕ್ಷೆ ಮಾಡಿಸಿ ಎಂದು ಪಂಚಾಯಿತಿಗೆ ಅರ್ಜಿ ಕೊಡೋಣ. ಅರ್ಜಿಯನ್ನು ಬೇರೆಯವರು ಬರೆಯುವುದು ಬೇಡ. ನಾಳೆ ರಾತ್ರಿ ಎಲ್ಲರೂ ಸೇರಿ ನಾವೇ ಬರೆಯೋಣ. ಪೆನ್ಸಿಲ್ ತನ್ನಿ.