ಹದಿನಾರರ ಹರೆಯಕ್ಕೆ ಯಾವ ಕಾದಂಬರಿ?

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಭಾಷಣ ಮಾಡಿ ರೂಢಿಯಿದ್ದವರು ನಾವಲ್ಲ. ಹಗಲೆಲ್ಲ ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆದು, ಸಂಜೆ ಈ ಮೇಜಿನ ಹಿಂದೆ ಕುಳಿತು ವಾಚನಾಲಯದ ಲೆಕ್ಕ ಬರೆಯುವವರು. ಮೆಟ್ರಿಕಿನಾಚೆಗೆ ನಮ್ಮ ಓದು ಸಾಗಲಿಲ್ಲ. ಆದ್ದರಿಂದ ಸಾಹಿತ್ಯ ವಿಮರ್ಶೆಯನ್ನು ನಮ್ಮಿಂದ ಯಾರೂ ನಿರೀಕ್ಷಿಸಬಾರದು. ಯಾವ ಪುಸ್ತಕ ಹೊರಗೆ ಹೋಯಿತು, ಯಾವುದು ಓದಿಸಿಕೊಂಡು ಬಂತು, ಯಾವುದು ಹಾಳೆ ತೆರೆಯದೆಯೇ ಮರಳಿತು, ಇಷ್ಟನ್ನು ಮಾತ್ರ ನಾವು ಬಲ್ಲೆವು. ಆ ಅನುಭವದ ಮೇಲೆ ನಾಲ್ಕು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇವೆ.

ನಮ್ಮಲ್ಲಿ ಮಕ್ಕಳ ಪುಸ್ತಕಗಳಿಗೆ ಒಂದು ಕಪಾಟಿದೆ. ಪಂಜೆಯವರು, ರಾಜರತ್ನಂ ಅವರು ಅಲ್ಲಿದ್ದಾರೆ. ಉಳಿದ ಕಪಾಟುಗಳೆಲ್ಲ ದೊಡ್ಡವರವು. ಹದಿಮೂರು ತುಂಬಿದ ಹುಡುಗನಿಗೆ ಮಕ್ಕಳ ಕಪಾಟಿನ ಮುಂದೆ ನಿಲ್ಲಲು ನಾಚಿಕೆ, ದೊಡ್ಡವರ ಕಪಾಟಿನ ಮುಂದೆ ನಿಲ್ಲಲು ಅಂಜಿಕೆ. ಹುಡುಗಿಯರ ಪಾಡೂ ಇದೇ. ಎರಡರ ನಡುವೆ ಸ್ವಲ್ಪ ಹೊತ್ತು ಸುಳಿದಾಡಿ, ವೃತ್ತಪತ್ರಿಕೆಯ ಕ್ರೀಡಾಪುಟ ನೋಡಿ ಹೊರಟುಬಿಡುತ್ತಾರೆ. ಹಾಗೆ ಹೋದವರಲ್ಲಿ ಮರಳಿ ಬಂದವರು ಕಡಿಮೆ. ಕನ್ನಡನಾಡಿನಲ್ಲಿ ಹೀಗಾದರೆ ಶಾಲೆಯ ಪಾಠವಾದರೂ ಕನ್ನಡವನ್ನು ಹಿಡಿದಿಟ್ಟೀತು. ಹೊರನಾಡಿನಲ್ಲಿರುವ ನಮಗೆ ಆ ಆಸರೆ ಇಲ್ಲ. ಈ ವಯಸ್ಸಿನಲ್ಲಿ ಕೈಬಿಟ್ಟ ಕನ್ನಡದ ಓದು ಮುಂದೆ ಕೈಗೆ ಸಿಗುವುದು ದುರ್ಲಭ.

ಇಂಗ್ಲಿಷಿನಲ್ಲಿ ಈ ವಯಸ್ಸಿನವರಿಗೆಂದೇ ಕಾದಂಬರಿ ಬರೆದು, ಅಂಗಡಿಯಲ್ಲಿ ಬೇರೆಯಾಗಿಯೇ ಜೋಡಿಸುವ ಕ್ರಮವಿದೆ. ಕನ್ನಡದಲ್ಲಿ ಹಾಗೆಂದೇ ಬರೆದವು ಕಡಿಮೆ. ಆದರೆ ಈ ಹರೆಯಕ್ಕೆ ಒಗ್ಗುವ ಕಾದಂಬರಿಗಳೇ ನಮ್ಮಲ್ಲಿ ಇಲ್ಲವೆನ್ನುವುದು ತಪ್ಪು. ಅವು ದೊಡ್ಡವರ ಕಪಾಟಿನಲ್ಲಿ ಬೆರೆತು ಕುಳಿತಿವೆ. ಆರಿಸಿ ಕೈಗೆ ಕೊಡುವವರು ಬೇಕು. ಆ ಕೆಲಸವನ್ನು ನಾವು ಬಹಳ ಕಾಲ ಕೆಟ್ಟದಾಗಿ ಮಾಡಿದೆವು ಎಂದು ಮೊದಲು ಒಪ್ಪಿಕೊಳ್ಳುತ್ತೇವೆ.

ಕುಂದಾಪುರದ ಕಡೆಯ ಹುಡುಗನೊಬ್ಬ, ಹದಿನಾರು ವಯಸ್ಸು, ಹೋಟೆಲಿನಲ್ಲಿ ಕೆಲಸ. ಒಂದು ರಜೆಯ ದಿನ ಬಂದು, “ಅಣ್ಣ, ಓದಲಿಕ್ಕೆ ಒಂದು ಕತೆಪುಸ್ತಕ ಕೊಡಿ” ಎಂದ. ಕನ್ನಡದ ಹಿರಿಮೆಯನ್ನು ಅವನಿಗೆ ಒಮ್ಮೆಗೇ ತೋರಿಸಿಬಿಡಬೇಕೆಂಬ ಹುಮ್ಮಸ್ಸು ನಮಗೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತೆಗೆದುಕೊಟ್ಟೆವು. ೧೯೬೭ರಲ್ಲಿ ಬಂದ ಆ ಕಾದಂಬರಿಯ ಹಿರಿಮೆಯಲ್ಲಿ ಎರಡು ಮಾತಿಲ್ಲ. ಆದರೆ ಏಳುನೂರು ಪುಟ. ಹುಡುಗನೋ ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಮಲಗುವವನು. ಎರಡು ವಾರದ ಮೇಲೆ ಪುಸ್ತಕ ತಂದು ಮೇಜಿನ ಮೇಲಿಟ್ಟು, “ಹೆಸರುಗಳೇ ನೆನಪಿನಲ್ಲಿ ನಿಲ್ಲುವುದಿಲ್ಲ ಅಣ್ಣ, ನನಗೆ ಓದು ಹೇಳಿದ್ದಲ್ಲ” ಎಂದು ಹೋದ. ಮಳೆಗಾಲವಿಡೀ ಅವನ ಸುಳಿವಿರಲಿಲ್ಲ. ತಪ್ಪು ಅವನದಲ್ಲ, ಪುಸ್ತಕದ್ದೂ ಅಲ್ಲ, ಅದನ್ನು ಕೊಟ್ಟ ನಮ್ಮದು.

ದೀಪಾವಳಿಯ ಹೊತ್ತಿಗೆ ಊರಿನ ಗೆಳೆಯನೊಬ್ಬನ ಜೊತೆಯಲ್ಲಿ ಮತ್ತೆ ಬಂದ. ಆಗ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆವು. ೧೯೮೦ರಲ್ಲಿ ಬಂದದ್ದು. ಸಣ್ಣ ಪುಸ್ತಕ. ಜೇನುತುಪ್ಪದ ವ್ಯವಹಾರದಿಂದ ಕಥೆ ಏಳುತ್ತದೆ. ಮೂಡಿಗೆರೆಯ ಕಡೆಯ ಒಬ್ಬ ಬೇಸಾಯಗಾರ, ಕರ್ವಾಲೊ ಎಂಬ ವಿಜ್ಞಾನಿ, ಮತ್ತು ಊರವರೆಲ್ಲ ಪೆದ್ದನೆಂದು ತಿಳಿದ ಮಂದಣ್ಣ. ಈ ಮಂದಣ್ಣನಿಗೆ ಕಾಡಿನ ಹುಳುಹುಪ್ಪಟೆಗಳ ವಿಷಯದಲ್ಲಿ ಇರುವ ಕಣ್ಣು ಓದಿದವರಿಗೆ ಇಲ್ಲವೆಂಬುದನ್ನು ಕಂಡವರು ಕರ್ವಾಲೊ ಒಬ್ಬರೇ. ಎಲ್ಲರೂ ಕೂಡಿ ಹಾರುವ ಓತಿಯನ್ನು ಹುಡುಕುತ್ತ ಕಾಡು ಹೊಗುತ್ತಾರೆ. ಪುಟಪುಟಕ್ಕೂ ನಗು. ಮುಂದೇನಾಯಿತೆಂದು ಇಲ್ಲಿ ಹೇಳುವುದಿಲ್ಲ.

ಆರನೆಯ ದಿನಕ್ಕೇ ಹುಡುಗ ಪುಸ್ತಕ ಹಿಡಿದು ಬಂದ. “ಅಣ್ಣ, ಈ ಓತಿಯನ್ನು ನಾನು ನೋಡಿದ್ದೇನೆ. ನಮ್ಮ ಮಾವನ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೇಲಿಕೊಂಡು ಹೋಗುತ್ತದೆ” ಎಂದ. ಹಾರುವ ಓತಿ ಲೇಖಕರ ಕಲ್ಪನೆಯೆಂದೇ ನಾವು ತಿಳಿದಿದ್ದೆವು. ವಿಚಾರಿಸಿದರೆ ಹುಡುಗನ ಮಾತೇ ಸರಿ. ಪಶ್ಚಿಮ ಘಟ್ಟದಲ್ಲಿಯೂ ಕರಾವಳಿಯ ತೋಟಗಳಲ್ಲಿಯೂ ಆ ಓತಿ ಇದೆ. ಪಕ್ಕೆಲುಬಿನ ಮೇಲಿನ ಚರ್ಮವನ್ನು ರೆಕ್ಕೆಯಂತೆ ಬಿಡಿಸಿ ತೇಲುತ್ತದೆ. ತಾನು ಚಿಕ್ಕಂದಿನಲ್ಲಿ ಕಲ್ಲೆಸೆದು ಓಡಿಸಿದ ಪ್ರಾಣಿ ಪುಸ್ತಕದಲ್ಲಿ ಬರೆಯುವಂಥದು ಎಂದು ಅವನಿಗೆ ಅಂದು ತಿಳಿಯಿತು. ಆ ಮೇಲೆ ಅವನಿಗೆ ಪುಸ್ತಕ ಆರಿಸಿಕೊಡುವ ಶ್ರಮ ನಮಗೆ ಬೀಳಲಿಲ್ಲ. ಆದ್ದರಿಂದ ಮೊದಲ ಪುಸ್ತಕವೆಂದರೆ ಈಗ ನಾವು ‘ಕರ್ವಾಲೊ’ವನ್ನೇ ಹೇಳುತ್ತೇವೆ.

ಎರಡನೆಯದು ನಿರಂಜನರ ‘ಚಿರಸ್ಮರಣೆ’. ೧೯೫೫ರಲ್ಲಿ ಬಂತು. ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು ತಾಲ್ಲೂಕಿನ ಕಯ್ಯೂರು ಎಂಬ ಹಳ್ಳಿಯ ರೈತರು ಜಮೀನ್ದಾರರ ವಿರುದ್ಧ ಎದ್ದು ನಿಂತ ಕಥೆ. ೧೯೪೧ರ ಮಾರ್ಚಿಯಲ್ಲಿ ಅಲ್ಲಿ ನಡೆದ ಮೆರವಣಿಗೆಯ ಹೊತ್ತಿಗೆ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತ. ಅದರ ಮೊಕದ್ದಮೆಯಲ್ಲಿ ನಾಲ್ವರನ್ನು ೧೯೪೩ರ ಮಾರ್ಚಿ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಐದನೆಯವನು ಪ್ರಾಪ್ತವಯಸ್ಕನಲ್ಲವೆಂದು ಉಳಿದ. ನಿರಂಜನರು ಹುಡುಗನಾಗಿದ್ದಾಗ ಸಮೀಪದ ನೀಲೇಶ್ವರದಲ್ಲಿ ಓದಿದವರು. ಕಾದಂಬರಿಯಲ್ಲಿ ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರು ನಮ್ಮ ಕಣ್ಣೆದುರಿಗೇ ಬೆಳೆಯುತ್ತಾರೆ. ಒಬ್ಬ ಮಾಸ್ತರರ ಮಾತು ಅವರಿಗೆ ಅಕ್ಷರದ ಜೊತೆಗೆ ಇನ್ನೂ ಏನನ್ನೋ ಕಲಿಸುತ್ತದೆ. ತನ್ನ ವಯಸ್ಸಿನವನೊಬ್ಬ ಇಂಥದನ್ನು ನಿಶ್ಚಯಿಸಬೇಕಾಗಿ ಬಂದಿತ್ತಲ್ಲ ಎಂದು ಓದುವ ಹುಡುಗ ಸ್ತಬ್ಧನಾಗುತ್ತಾನೆ.

ಮೂರನೆಯದು ಶಿವರಾಮ ಕಾರಂತರ ‘ಚೋಮನ ದುಡಿ’, ೧೯೩೩ರದು. ಇದೂ ಚಿಕ್ಕದು. ತನ್ನದೇ ತುಂಡು ನೆಲವನ್ನು ಉಳಬೇಕೆಂಬ ಒಂದೇ ಆಸೆಯ ಚೋಮ. ಎತ್ತುಗಳಿವೆ, ನೆಲವಿಲ್ಲ. ಅವನು ಹುಟ್ಟಿದ ಜಾತಿಗೆ ನೆಲ ಕೊಡುವ ಪದ್ಧತಿಯಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿತೋಟಕ್ಕೆ ಹೋಗುತ್ತಾರೆ. ಸಾಲ ತೀರಿಸಲೆಂದು ಊರು ಬಿಟ್ಟವರು ಈ ಸಭೆಯಲ್ಲಿಯೂ ಇದ್ದೀರಿ. ಈ ಪುಸ್ತಕದ ಬಗ್ಗೆ ತಮಗೆ ನಾವು ಬಿಡಿಸಿ ಹೇಳಬೇಕಾದ್ದಿಲ್ಲ. ಬಿ. ವಿ. ಕಾರಂತರು ತೆಗೆದ ಇದರ ಚಿತ್ರವನ್ನು ನೋಡಿದ ತರುಣರು ‘ಕಥೆ ಗೊತ್ತು’ ಎನ್ನುತ್ತಾರೆ. ಕಥೆ ಗೊತ್ತಿದ್ದವರೂ ಓದಬೇಕೆಂದೇ ನಮ್ಮ ಬಿನ್ನಹ.

ನಾಲ್ಕನೆಯದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’, ೧೯೭೬ರದು. ಹೆಚ್ಚು ಶಾಲೆ ಕಲಿಯದ ಈ ತಾಯಿಯ ಮೊದಲ ಕಾದಂಬರಿ ಅಚ್ಚಾದಾಗ ಅವರಿಗೆ ನಲವತ್ತೈದು ದಾಟಿತ್ತು. ಆಡುವ ವಯಸ್ಸಿನಲ್ಲಿಯೇ ವಿಧವೆಯಾಗಿ, ನೂರು ವರುಷ ದಾಟಿ ಬದುಕಿದ ಮಲೆನಾಡಿನ ಹೆಂಗಸಿನ ಕಥೆ. ಅವಳು ಯಾರೊಡನೆಯೂ ಜಗಳವಾಡುವುದಿಲ್ಲ. ಆದರೆ ರಾತ್ರಿಯಲ್ಲಿ ಯಾರಿಗೂ ತಿಳಿಯದಂತೆ ಹೊಲೆಗೇರಿಗೆ ಹೋಗಿ ಹೆರಿಗೆ ಮಾಡಿಸಿ ಬರುತ್ತಾಳೆ. ತಲೆ ಬೋಳಿಸಿಕೊಳ್ಳಲೊಪ್ಪದ ಎಳೆಯ ವಿಧವೆಯ ಪಕ್ಷ ವಹಿಸುತ್ತಾಳೆ. ಇದನ್ನು ಹುಡುಗಿಯರಿಗೆ ಮಾತ್ರವೆಂದು ಮೀಸಲಿಡಬೇಡಿರಿ. ಹುಡುಗರು ಓದಲೇಬೇಕು.

ಇನ್ನುಳಿದವನ್ನು ಬೇಗ ಹೇಳಿಬಿಡುತ್ತೇವೆ. ಕುತೂಹಲ ಬಯಸುವವರಿಗೆ ಕೆ. ವಿ. ಅಯ್ಯರ್ ಅವರ ‘ರೂಪದರ್ಶಿ’. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು ಇಟಲಿಯ ಚಿತ್ರಕಾರನ ಕಥೆ ಬರೆದರೆಂಬುದೇ ಹುಡುಗರಿಗೆ ಒಂದು ಬೆರಗು. ಕೊನೆಯ ಗುಟ್ಟನ್ನು ಮಾತ್ರ ಮೊದಲೇ ಓದಿದವರು ಬಾಯಿಬಿಡಬಾರದು. ಚರಿತ್ರೆಯಲ್ಲಿ ರುಚಿಯಿದ್ದವರಿಗೆ ತ. ರಾ. ಸು. ಅವರ ‘ದುರ್ಗಾಸ್ತಮಾನ’. ೧೭೭೯ರಲ್ಲಿ ಹೈದರಾಲಿಯ ಕೈಗೆ ಬಿದ್ದ ಚಿತ್ರದುರ್ಗದ, ಅದರ ಕೊನೆಯ ನಾಯಕನ ಕಥೆ. ದಪ್ಪ ಪುಸ್ತಕ, ಆದ್ದರಿಂದ ಮೂರು ನಾಲ್ಕು ಓದಿದ ಮೇಲೆ ಕೊಡತಕ್ಕದ್ದು. ದುಡಿಮೆಗೆ ಸೇರಿದ ತರುಣರಿಗೆ ವ್ಯಾಸರಾಯ ಬಲ್ಲಾಳರ ‘ಬಂಡಾಯ’. ಮುಂಬಯಿಯಲ್ಲಿ ಬಾಳಿದ ಕನ್ನಡಿಗರೊಬ್ಬರು ಅಲ್ಲಿಯ ಕಾರ್ಮಿಕರ ಬದುಕನ್ನು ಕುರಿತು ಬರೆದದ್ದು. ೧೯೮೬ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು.

ಈಗ ಒಂದು ಕಷ್ಟದ ಮಾತು. ಕಳೆದ ವರುಷ ಹಿರಿಯರೊಬ್ಬರು ಈ ಮೇಜಿನ ಮುಂದೆ ನಿಂತು, “ಹುಡುಗನ ಕೈಗೆ ‘ಚಿರಸ್ಮರಣೆ’ ಕೊಟ್ಟಿರಂತೆ. ನಾಳೆ ಅವನು ಕೆಲಸದ ಜಾಗದಲ್ಲಿ ಜಗಳ ತೆಗೆದರೆ ನೀವು ಅನ್ನ ಹಾಕುತ್ತೀರಾ?” ಎಂದು ಕೇಳಿದರು. ಇನ್ನೊಬ್ಬ ತಾಯಿ, “ಮದುವೆಯಾಗದ ಹುಡುಗಿಗೆ ವಿಧವೆಯ ಕಥೆ ಯಾಕೆ ಕೊಟ್ಟಿರಿ?” ಎಂದು ನೊಂದುಕೊಂಡರು. ಇವು ನಗೆಯಾಡಿ ತಳ್ಳಿಬಿಡುವ ಮಾತುಗಳಲ್ಲ. ಊರು ಬಿಟ್ಟು ಬಂದವರಿಗೆ ಒಂದು ಕೆಲಸ ಹೋದರೆ ಏನಾಗುತ್ತದೆಂದು ನಮಗೂ ಗೊತ್ತು. ಆದರೂ ವಿನಯದಿಂದ ಒಂದು ಮಾತು. ಹದಿನಾರರ ಹುಡುಗ ಅಪ್ಪನ ಸಾಲವನ್ನು ಕಂಡಿದ್ದಾನೆ, ಧಣಿಯ ಬೈಗುಳವನ್ನು ಕೇಳಿದ್ದಾನೆ. ಹುಡುಗಿ ಅಜ್ಜಿಯ, ಚಿಕ್ಕಮ್ಮನ ಬದುಕನ್ನು ನೋಡಿದ್ದಾಳೆ. ನಾವು ಮರೆಮಾಚಬಲ್ಲೆವೆಂದು ತಿಳಿದದ್ದೆಲ್ಲ ಅವರಿಗೆ ಆಗಲೇ ತಿಳಿದಿದೆ. ಅದನ್ನು ಒಬ್ಬರೇ ಮನಸ್ಸಿನಲ್ಲಿಟ್ಟು ಬೇಯುವುದಕ್ಕಿಂತ, ಬಲ್ಲವರು ಬರೆದದ್ದನ್ನು ಓದಿ ತಿಳಿಯುವುದು ಮೇಲು. ಈ ಪುಸ್ತಕಗಳಲ್ಲಿ ಯಾವುದೂ ದುಡುಕನ್ನು ಹೊಗಳುವುದಿಲ್ಲ. ಮಾಡಿದ್ದಕ್ಕೆ ಏನು ಬೆಲೆ ತೆರಬೇಕಾಯಿತೆಂದು ಒಂದೊಂದೂ ಲೆಕ್ಕ ತೋರಿಸುತ್ತದೆ.

ಹಾಗೆಂದು ಎಲ್ಲ ಪುಸ್ತಕವನ್ನೂ ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಕೊಡಬೇಕೆಂಬ ಹಟ ನಮಗಿಲ್ಲ. ಭೈರಪ್ಪನವರ ‘ಗೃಹಭಂಗ’ದಲ್ಲಿ ಪ್ಲೇಗು ಒಂದು ಸಂಸಾರವನ್ನೇ ನುಂಗುತ್ತದೆ. ತಾಯಿ ತೀರಿಕೊಂಡು ತಿಂಗಳು ತುಂಬದ ಹುಡುಗನೊಬ್ಬ ಅದನ್ನು ಕೇಳಿದಾಗ, ಪುಸ್ತಕ ಕಪಾಟಿನಲ್ಲಿದ್ದರೂ ‘ಬೇರೆಯವರು ಒಯ್ದಿದ್ದಾರೆ’ ಎಂದೆವು. ಮಾಡಿದ್ದು ಸರಿಯೋ ತಪ್ಪೋ ಇಂದಿಗೂ ನಮಗೆ ನಿಶ್ಚಯವಿಲ್ಲ.

ಕೊಡುವ ಬಗೆಯ ವಿಷಯದಲ್ಲಿ ನಾವು ಕಲಿತದ್ದು ಇಷ್ಟು. ಮೊದಲು ಸಣ್ಣದನ್ನು ಕೊಡಬೇಕು. ಹತ್ತು ಪುಟ ಓದಿ ಬೇಸರವಾದರೆ ನಾಚದೆ ಮರಳಿಸಬಹುದೆಂದು ಬಾಯಿಬಿಟ್ಟು ಹೇಳಬೇಕು. ಹಿಂದಕ್ಕೆ ತಂದಾಗ ‘ನೀತಿ ಏನು?’ ಎಂದು ಪರೀಕ್ಷೆ ಮಾಡಬಾರದು. ‘ಯಾರು ಹಿಡಿಸಿದರು?’ ಎಂದು ಕೇಳಿದರೆ ಸಾಕು. ಇಲ್ಲಿಯೇ ಹುಟ್ಟಿ ಬೇರೆ ಭಾಷೆಯ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳು ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾರೆ. ಅವರಿಗೆ ಮೊದಲ ಎರಡು ಅಧ್ಯಾಯವನ್ನು ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು. ಕಥೆ ಹತ್ತಿತೆಂದರೆ ಮುಂದಿನದನ್ನು ತಾವೇ ತಡವರಿಸಿಕೊಂಡು ಓದುತ್ತಾರೆ. ‘ಕರ್ವಾಲೊ’ವನ್ನು ನಾವು ಭಾನುವಾರ ಸಂಜೆ ಇಲ್ಲಿಯೇ ಗಟ್ಟಿಯಾಗಿ ಓದಿದೆವು. ಆರು ಮಂದಿಯಿಂದ ಮೊದಲಾದದ್ದು, ಕೊನೆಗೆ ಬೆಂಚು ಸಾಲದಾಯಿತು.

ಕೊನೆಯದಾಗಿ ಒಂದು ಬೇಡಿಕೆ. ಗಳಗನಾಥರು (೧೮೬೯-೧೯೪೨) ತಾವು ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಕನ್ನಡಿಗರಿಗೆ ಓದುವ ಚಟ ಹಿಡಿಸಿದರು. ನಾವು ಊರೂರು ತಿರುಗಬೇಕಾದ್ದಿಲ್ಲ. ಮಕ್ಕಳ ಕಪಾಟಿಗೂ ದೊಡ್ಡವರ ಕಪಾಟಿಗೂ ನಡುವೆ, ಬಾಗಿಲ ಬಳಿ, ಒಂದು ಹಲಗೆಯನ್ನು ಕಾರ್ಯಕಾರಿ ಸಮಿತಿಯವರು ಮಂಜೂರು ಮಾಡಬೇಕು. ಮೇಲೆ ಹೇಳಿದ ಏಳು ಪುಸ್ತಕಗಳನ್ನು ಅದರ ಮೇಲಿಡೋಣ. ಸದಸ್ಯರು ತಾವು ಹದಿನಾರು, ಹದಿನೇಳರಲ್ಲಿ ಓದಿ ಮರೆಯಲಾರದ ಒಂದು ಕಾದಂಬರಿಯ ಹೆಸರನ್ನು ಚೀಟಿಯಲ್ಲಿ ಬರೆದು ಈ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಹಾಕಿದರೆ ಹಲಗೆ ತಾನಾಗಿ ತುಂಬೀತು. ಮನೆಯಲ್ಲಿ ಓದಿ ಮುಗಿದ ಪ್ರತಿಯಿದ್ದರೆ ಅದನ್ನೂ ತರಬಹುದು.

ಆ ಕುಂದಾಪುರದ ಹುಡುಗ ಈಗ ಬೇರೆ ಬಡಾವಣೆಯ ಹೋಟೆಲಿನಲ್ಲಿದ್ದಾನೆ. ಹೋದ ವಾರ ಬಂದು ಎರಡು ಪುಸ್ತಕ ಒಯ್ದ. ಒಂದು ತನಗೆ, ಇನ್ನೊಂದು ಜೊತೆಯಲ್ಲಿ ಕೆಲಸ ಮಾಡುವ, ಹೊಸದಾಗಿ ಊರಿನಿಂದ ಬಂದ ಹುಡುಗನಿಗೆ. ಎರಡನೆಯದು ಯಾವುದೆಂದು ನೋಂದಣಿಯಲ್ಲಿ ನೋಡಿದೆವು. ‘ಕರ್ವಾಲೊ’.