ಪ್ರೂಫ್ ನೋಡುವ ಯಂತ್ರ ನಿಮ್ಮದೇ ಆಗಿರಲಿ



ಪ್ರೆಸ್ ನಡೆಸುವವನಿಗೆ ಸರ್ವರ್ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಯಾಕೆಂದು ಹೇಳುತ್ತೇನೆ ಕೇಳಿ. ಇಂದು ಲೇಖಕರು ಕಳಿಸುವ ಬರಹವೆಲ್ಲ ಯೂನಿಕೋಡ್‌ನಲ್ಲಿದೆ. ನಮ್ಮಲ್ಲಿ ಪುಟ ಕಟ್ಟುವ ಹಳೆಯ ಸಾಫ್ಟ್‌ವೇರ್‌ಗೆ ಬೇಕಾದದ್ದು ನುಡಿಯ ಹಳೆಯ ಫಾಂಟ್. ಇವೆರಡರ ನಡುವೆ ಒಂದು ಪರಿವರ್ತಕ ಬೇಕು. ಅದನ್ನು ನಮ್ಮ ಇಬ್ಬರು ಹುಡುಗರೇ ಬರೆದಿದ್ದಾರೆ. ಆದರೆ ‘ಸ್ತ್ರೀ’ ಸರಿಮಾಡಿದರೆ ‘ರಾಷ್ಟ್ರ’ ಮುರಿಯುತ್ತದೆ, ಅರ್ಕಾವತ್ತು ಕೂರಿಸಿದರೆ ದೀರ್ಘ ಜಾರುತ್ತದೆ! ಕನ್ನಡದ ಒತ್ತಕ್ಷರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಹಾಗಾಗಿ ಪ್ರತಿ ತಿದ್ದುಪಡಿಯಾದಾಗಲೂ ಎಲ್ಲ ಪದಗಳನ್ನೂ ಮತ್ತೆ ಪರೀಕ್ಷಿಸಬೇಕು. ಮನುಷ್ಯನಿಗೆ ಬೇಸರ ಬರುತ್ತದೆ, ಯಂತ್ರಕ್ಕೆ ಬರುವುದಿಲ್ಲ. ಕೋಡ್ ಬದಲಾದಾಗಲೆಲ್ಲ ತಾನೇ ಎತ್ತಿಕೊಂಡು, ಕಟ್ಟಿ, ಪರೀಕ್ಷಿಸಿ, ತಪ್ಪಿದ್ದರೆ ಕೂಗಿ ಹೇಳುವ ಈ ಪದ್ಧತಿಗೆ ಕಂಟಿನ್ಯುಯಸ್ ಇಂಟಿಗ್ರೇಷನ್ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ನಿಲ್ಲದ ಪ್ರೂಫ್.

ನಾವು ಹಾಕಿಕೊಂಡಿರುವುದು ಜೆಂಕಿನ್ಸ್. ಇದರ ಹೆಸರಿನ ಹಿಂದೊಂದು ಜಗಳವಿದೆ. 2004ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ಇದನ್ನು ‘ಹಡ್ಸನ್’ ಎಂದು ಶುರುಮಾಡಿದರು. 2010ರಲ್ಲಿ ಆರೇಕಲ್ ಸನ್ ಅನ್ನು ಕೊಂಡು, ಆ ಹೆಸರು ತನ್ನದೆಂದಿತು. ಬರೆದು ಬೆಳೆಸಿದ ಬಳಗ ಸುಮ್ಮನಿತ್ತೆ? 2011ರಲ್ಲಿ ಮತ ಹಾಕಿ, ಕೋಡ್ ಹೊತ್ತುಕೊಂಡು ‘ಜೆಂಕಿನ್ಸ್’ ಎಂದು ಹೊರನಡೆಯಿತು. ಕೋಡ್ ಮುಕ್ತವಾಗಿದ್ದರಿಂದ ತಡೆಯಲು ಯಾರಿಗೂ ಆಗಲಿಲ್ಲ. ಹಡ್ಸನ್ ನಿಂತುಹೋಯಿತು, ಜೆಂಕಿನ್ಸ್ ಓಡುತ್ತಿದೆ.

ಹಾಕುವುದು ಕಷ್ಟವಲ್ಲ. ಉಬುಂಟು 24.04 ಇರುವ, 4 ಜಿಬಿ ಮೆಮೊರಿಯ ಒಂದು ಯಂತ್ರ ಸಣ್ಣ ತಂಡಕ್ಕೆ ಸಾಕು. ಮೊದಲು ಜಾವಾ 21 ಹಾಕಿ. ಅದಿಲ್ಲದೆ ಜೆಂಕಿನ್ಸ್ ಎದ್ದೇಳುವುದೇ ಇಲ್ಲ. ಆಮೇಲೆ ಜೆಂಕಿನ್ಸ್‌ನವರ ಸಹಿಯ ಕೀಲಿ ಮತ್ತು ಅವರ ಭಂಡಾರದ ವಿಳಾಸ ಸೇರಿಸಿ. ವಾರವಾರದ್ದು ಬೇಡ, ದೀರ್ಘಾವಧಿ ಬೆಂಬಲದ ಸಾಲನ್ನೇ ಆರಿಸಿ. ‘ಸುಡೊ ಆಪ್ಟ್ ಅಪ್‌ಡೇಟ್’, ‘ಸುಡೊ ಆಪ್ಟ್ ಇನ್‌ಸ್ಟಾಲ್ ಜೆಂಕಿನ್ಸ್’, ಅಷ್ಟೇ. ‘ಜೆಂಕಿನ್ಸ್’ ಎಂಬ ಬೇರೆ ಬಳಕೆದಾರ ತಾನಾಗಿ ಹುಟ್ಟುತ್ತಾನೆ. ಬ್ರೌಸರಿನಲ್ಲಿ 8080ನೆಯ ಪೋರ್ಟ್ ತೆರೆದರೆ ಬೀಗ ಕಾಣುತ್ತದೆ. ಮೊದಲ ಪಾಸ್‌ವರ್ಡ್ ವಾರ್, ಲಿಬ್, ಜೆಂಕಿನ್ಸ್, ಸೀಕ್ರೆಟ್ಸ್ ಎಂದು ಒಳಗೊಳಗೆ ಹೋದ ಫೋಲ್ಡರಿನಲ್ಲಿ ‘ಇನಿಷಿಯಲ್ ಅಡ್ಮಿನ್ ಪಾಸ್‌ವರ್ಡ್’ ಎಂಬ ಫೈಲಿನಲ್ಲಿದೆ. ಓದಿ, ಬೀಗ ತೆಗೆದು, ನಿಮ್ಮ ಹೆಸರಿನ ಹೊಸ ಖಾತೆ ಮಾಡಿಕೊಳ್ಳಿ.

ಇಲ್ಲಿಗೆ ಅರ್ಧ ಗಂಟೆ. ಹುಡುಗರು ಇಲ್ಲಿಗೇ ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ! ನಾನು ಹೇಳಬೇಕಾದದ್ದು ಇನ್ನು ಮುಂದಿದೆ.

ಈ ಯಂತ್ರದ ಕೈಯಲ್ಲಿ ನಿಮ್ಮ ಕೋಡ್ ಇದೆ, ಪಾಸ್‌ವರ್ಡ್‌ಗಳಿವೆ. 8080 ಅನ್ನು ಲೋಕಕ್ಕೆಲ್ಲ ತೆರೆದಿಡಬೇಡಿ. ಫೈರ್‌ವಾಲ್‌ನಲ್ಲಿ ಮುಚ್ಚಿ, ಮುಂದೆ ಎಂಜಿನ್‌ಎಕ್ಸ್ ನಿಲ್ಲಿಸಿ, ಎಚ್‌ಟಿಟಿಪಿಎಸ್ ಮೂಲಕ ಮಾತ್ರ ಬಿಡಿ. 2024ರ ಜನವರಿಯಲ್ಲಿ ಜೆಂಕಿನ್ಸ್‌ನಲ್ಲೇ ಒಂದು ದೊಡ್ಡ ತೂತು ಬಯಲಾಯಿತು. ಲಾಗಿನ್ ಆಗದವನೂ ಸರ್ವರಿನ ಫೈಲುಗಳ ಕೆಲವು ಸಾಲು ಓದಬಹುದಿತ್ತು. 2.442 ಮತ್ತು ದೀರ್ಘಾವಧಿ ಸಾಲಿನ 2.426.3ರಲ್ಲಿ ಅದನ್ನು ಮುಚ್ಚಿದರು. ಹೊಸದನ್ನು ಹಾಕಿಕೊಳ್ಳದವನ ಬಾಗಿಲು ಹಾಗೇ ತೆರೆದಿತ್ತು. ಪ್ಲಗಿನ್‌ಗಳಿಗೂ ಇದೇ ಮಾತು. ಬೇಕಾದಷ್ಟೇ ಹಾಕಿ.

ಪರೀಕ್ಷೆಯ ಕೆಲಸವನ್ನು ಮುಖ್ಯ ಯಂತ್ರದಲ್ಲೇ ಓಡಿಸಬೇಡಿ. ಅದರ ಎಕ್ಸಿಕ್ಯೂಟರ್ ಸಂಖ್ಯೆಯನ್ನು ಸೊನ್ನೆ ಮಾಡಿ, ಬೇರೆ ಯಂತ್ರವನ್ನು ಏಜೆಂಟ್ ಆಗಿ ಕಟ್ಟಿ. ಯಾವನೋ ಬರೆದ ಪರೀಕ್ಷೆ ನಿಮ್ಮ ಕೀಲಿ ಗೊಂಚಲಿನ ಪಕ್ಕ ಯಾಕೆ ಓಡಬೇಕು? ಜೆಂಕಿನ್ಸ್‌ನ ಆ ಇಡೀ ಫೋಲ್ಡರ್ ದಿನವೂ ಬೇರೆ ಡಿಸ್ಕ್‌ಗೆ ನಕಲಾಗಬೇಕು. ಮರಳಿ ಹಾಕಿ ನೋಡದ ನಕಲು ನಕಲೇ ಅಲ್ಲ ಎಂದು ನಾನು ಜಗಳವಾಡುತ್ತೇನೆ.

ಪರೀಕ್ಷೆಗೆ ಮೊದಲು ಇಪ್ಪತ್ತು ಪದ ಸಾಕು. ನಮ್ಮದು ಸ್ತ್ರೀ, ರಾಷ್ಟ್ರ, ಜ್ಞಾನ, ಅರ್ಥ, ಕೈಂಕರ್ಯ ಎಂದು ಶುರುವಾಗುತ್ತದೆ. ಪ್ರೂಫಿನಲ್ಲಿ ಸಿಕ್ಕ ಪ್ರತಿ ಹೊಸ ತಪ್ಪೂ ಅದೇ ದಿನ ಪಟ್ಟಿಗೆ ಸೇರುತ್ತದೆ. ಪಟ್ಟಿ ಬೇಕಾದವರು ಪ್ರೆಸ್ಸಿಗೆ ಬನ್ನಿ, ಪೆನ್ ಡ್ರೈವ್ ತನ್ನಿ.