ಗಡಿಯಲ್ಲಿ ಕನ್ನಡ ಉಳಿಯಬೇಕೆ?
(ನಿಂಬರ್ಗಾದಲ್ಲಿ ಮಾಡಿದ ಉಪನ್ಯಾಸದ ಸಾರ)



ನಮ್ಮ ಊರಿಗೆ ಮಹಾರಾಷ್ಟ್ರದ ಗಡಿ ದೂರವಿಲ್ಲ. ಅಕ್ಕಲಕೋಟೆ, ಸೊಲ್ಲಾಪುರದ ಕಡೆಯೂ ನಮ್ಮ ಬೀಗರಿದ್ದಾರೆ. ಅಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ, ಮಕ್ಕಳ ಓದು ಮರಾಠಿ. ‘ಹೊಟ್ಟೆ ತುಂಬಿಸದ ಕನ್ನಡ ಯಾಕ್ರೀ?’ ಎನ್ನುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಮಗುವಿಗೆ ಮರಾಠಿಯೂ ಬೇಕು, ಇಂಗ್ಲಿಷೂ ಬೇಕು.

ಆದರೆ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯಿರಿ. ಶಾಲೆಯಲ್ಲಿ ಓದಿದ್ದು ಮರಾಠಿ. ಆದರೂ ಕನ್ನಡ ಕಲಿತು ಸಿದ್ಧರಾಮರ ಮೇಲೆ ಮಹಾಕಾವ್ಯ ಬರೆದರು. ವಚನಗಳನ್ನು ಮರಾಠಿಗೂ ತಂದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಒಂದು ಭಾಷೆ ಉಳಿಯಲು ಇನ್ನೊಂದನ್ನು ದ್ವೇಷಿಸಬೇಕಿಲ್ಲ.

ಹೇರಿದರೂ ಭಾಷೆ ಉಳಿಯದು. ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ 1976ರಲ್ಲಿ ಆಫ್ರಿಕಾನ್ಸ್ ಹೇರಿದಾಗ ಶಾಲಾಮಕ್ಕಳು ಬೀದಿಗಿಳಿದರು, ಗುಂಡಿಗೆ ಬಲಿಯಾದರು. ನಮ್ಮ ಶರಣರು ಯಾರ ಮೇಲೂ ಕನ್ನಡ ಹೇರಲಿಲ್ಲ. ಕಾಯಕದವರು ಆಡುವ ಮಾತಿನಲ್ಲೇ ಅನುಭಾವ ನುಡಿದರು.

ಫ.ಗು. ಹಳಕಟ್ಟಿಯವರು ತಾಡವೋಲೆಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು. ಓದುವವರೇ ಇಲ್ಲವಾದರೆ ಆ ವಚನ ಮತ್ತೆ ಜಗಲಿಯ ಮೇಲಿನ ಗಂಟಾಗುತ್ತದೆ.

ಆದ್ದರಿಂದ ನನ್ನ ಬಿನ್ನಹ ಇಷ್ಟೇ: ಗಡಿಯ ಪ್ರತಿ ಮಠದಲ್ಲಿ ವಾರಕ್ಕೊಂದು ಸಂಜೆ ಮಕ್ಕಳಿಗೆ ವಚನದ ಮೂಲಕ ಅಕ್ಷರ ಕಲಿಸೋಣ. ದಾಸೋಹದಲ್ಲಿ ಅನ್ನದ ಜೊತೆ ಅಕ್ಷರವೂ ಇರಲಿ.